ಗೋಡೆಯ ಮೇಲೆ ಪೆನುಕೊಂಡ ಬೆಟ್ಟ: ಶಾಲೆಯಲ್ಲಿ ದೂರದರ್ಶಕ ಕಟ್ಟುವ ಪಾಠ

(ಆಂಧ್ರಪ್ರದೇಶದ ಪೆನುಕೊಂಡದಲ್ಲಿ, ಕನ್ನಡ ಶಾಲೆಗಳ ಮೇಷ್ಟ್ರುಗಳ ಮುಂದೆ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ವಿಜ್ಞಾನದ ವಿಷಯ ಯಾವುದಾದರೂ ಆಗಲಿ, ಕನ್ನಡದಲ್ಲಿರಲಿ, ಶಾಲೆಗೆ ಉಪಯೋಗಕ್ಕೆ ಬರುವಂತಿರಲಿ ಎಂದು ಈ ಉಪನ್ಯಾಸಕ್ಕೆ ಕರೆದು ನನಗೆ ಬಂದ ಕಾಗದದಲ್ಲಿತ್ತು. ನಾನು ದೂರದರ್ಶಕವನ್ನು ಆರಿಸಿಕೊಂಡೆ. ಹತ್ತನೆಯ ತರಗತಿಯ ಮಕ್ಕಳು ಪೀನ ಮಸೂರದ ಕಿರಣಚಿತ್ರವನ್ನು ಸ್ಕೇಲು, ಪೆನ್ಸಿಲು ಹಿಡಿದು ಸೊಗಸಾಗಿ ಬರೆಯುತ್ತಾರೆ. ಬಾಣದ ಗುರುತು ತಪ್ಪುವುದಿಲ್ಲ, ಅಂಕವೂ ಪೂರ್ತಿ ಬರುತ್ತದೆ. ಅದೇ ಮಗುವಿನ ಕೈಗೆ ಎರಡು ಮಸೂರ ಕೊಟ್ಟು ದೂರದರ್ಶಕ ಮಾಡು ಅನ್ನಿ. ಎರಡನ್ನೂ ಒಂದರ ಬೆನ್ನಿಗೊಂದು ಒತ್ತಿ ಹಿಡಿದು ಕಣ್ಣಿಗೆ ತರುತ್ತದೆ. ಎರಡರ ನಡುವೆ ಒಂದು ಮೀಟರು ಖಾಲಿ ಜಾಗ ಬೇಕು, ಆ ಖಾಲಿ ಜಾಗದಲ್ಲೇ ಎಲ್ಲ ನಡೆಯುತ್ತದೆ ಎಂಬುದು ಚಿತ್ರ ಬರೆದ ಕೈಗೆ ಗೊತ್ತಿರುವುದಿಲ್ಲ.

ಇನ್ನೊಂದು ಕಾರಣ ಬೀರುವಿನದು. ಯಾವುದೋ ಯೋಜನೆಯಲ್ಲಿ ಬಂದ ದೂರದರ್ಶಕ ಎಷ್ಟೋ ಶಾಲೆಗಳ ಬೀರುವಿನಲ್ಲಿ ಪೆಟ್ಟಿಗೆಯ ಸಮೇತ ಭದ್ರವಾಗಿದೆ. ಇದರಲ್ಲಿ ಮೇಷ್ಟ್ರ ತಪ್ಪು ಹುಡುಕಬಾರದು. ಕೆಟ್ಟರೆ ಸರಿಮಾಡಲು ಬಾರದ ವಸ್ತುವನ್ನು ಯಾರೂ ಮಕ್ಕಳ ಕೈಗೆ ಕೊಡಲಾರರು. ತಾವೇ ಕಟ್ಟಿದ್ದನ್ನು ಧೈರ್ಯವಾಗಿ ಕೊಡುತ್ತಾರೆ. ಆದ್ದರಿಂದ ನಾನು ಇವತ್ತು ಹೇಳುವುದು ಇಷ್ಟೆ: ಶಾಲೆ ದೂರದರ್ಶಕವನ್ನು ಕೊಳ್ಳುವ ಮೊದಲು ಕಟ್ಟಬೇಕು. ಒಂದೊಂದು ಭಾಗವನ್ನೂ ತೆಗೆದು, ಅದಿಲ್ಲದಿದ್ದರೆ ಏನಾಗುತ್ತದೆಂದು ನೋಡಲು ಬರುವಂತೆ ಕಟ್ಟಬೇಕು.

ಹಿಂದೂಪುರದ ಯಾವುದೇ ಕನ್ನಡಕದ ಅಂಗಡಿಗೆ ಹೋಗಿ ಪ್ಲಸ್ ಒಂದು ಪವರಿನ ಲೆನ್ಸು ಕೇಳಿ. ಫ್ರೇಮಿಗೆ ಕತ್ತರಿಸುವ ಮೊದಲು ಅದು ಗುಂಡಗೆ, ಸುಮಾರು 65 ಮಿಲಿಮೀಟರ್ ಅಗಲವಿರುತ್ತದೆ. ಚಾಳೀಸಿಗೆ ಹಾಕುವ ಅದೇ ಲೆನ್ಸು. ಪವರ್ ಒಂದು ಎಂದರೆ ಸಂಗಮದೂರ ಒಂದು ಮೀಟರ್. ಎರಡು ಎಂದರೆ ಅರ್ಧ ಮೀಟರ್. ಅಜ್ಜಿಯ ಕನ್ನಡಕದ ಚೀಟಿಯಲ್ಲಿ ಬರೆದ ಸಂಖ್ಯೆಗೂ ಭೌತಶಾಸ್ತ್ರದ ಸೂತ್ರಕ್ಕೂ ಇರುವ ಈ ನಂಟನ್ನು ಮಕ್ಕಳಿಗೆ ಅಂಗಡಿಯಲ್ಲೇ ಹೇಳಿದರೆ ಒಳ್ಳೆಯದು.

ಈಗ ಕೊಳವೆ ಬೇಡ. ಬೆಟ್ಟದ ಕಡೆಗೆ ಕಿಟಕಿ ಇರುವ ಕೋಣೆಯೊಂದನ್ನು ಆರಿಸಿಕೊಳ್ಳಿ. ಪೆನುಕೊಂಡದಲ್ಲಿ ಅಂಥ ಕೋಣೆಗೆ ಬರವಿಲ್ಲ. ಒಂದು ಕಿಟಕಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿ. ಕಿಟಕಿಯ ಎದುರಿನ ಗೋಡೆಯಿಂದ ಒಂದು ಮೀಟರು ದೂರದಲ್ಲಿ ಲೆನ್ಸನ್ನು ಹಿಡಿದು ಸ್ವಲ್ಪ ಹಿಂದೆ ಮುಂದೆ ಮಾಡಿ. ಒಂದು ಜಾಗದಲ್ಲಿ, ಸುಣ್ಣ ಬಳಿದ ಗೋಡೆಯ ಮೇಲೆ, ಬೆಟ್ಟ ಬಂದು ನಿಲ್ಲುತ್ತದೆ. ಬಣ್ಣ ಬಣ್ಣವಾಗಿ, ತಲೆಕೆಳಗಾಗಿ. ಕೋಟೆಯ ಗೋಡೆಯ ಅಂಚು, ಬಂಡೆಗಳ ನಡುವಿನ ಕುರುಚಲು, ಆಕಾಶದ ನೀಲಿ ಎಲ್ಲ ಇದೆ. ಬೆಟ್ಟದ ಮೇಲೆ ಮೋಡದ ನೆರಳು ಸರಿದರೆ ಗೋಡೆಯ ಮೇಲೂ ಸರಿಯುತ್ತದೆ. ಅದೊಂದು ಫೋಟೋ ಅಲ್ಲ ಎಂದು ಮಕ್ಕಳಿಗೆ ಖಾತ್ರಿಯಾಗುವುದು ಆ ನೆರಳು ಸರಿದಾಗಲೇ.

ಇಲ್ಲಿ ಆತುರಪಡಬೇಡಿ. ಒಂದು ಇಡೀ ಪೀರಿಯಡ್ಡನ್ನು ಈ ಗೋಡೆಗೇ ಕೊಡಿ. ಮಕ್ಕಳನ್ನು ಕೇಳಿ: ಲೆನ್ಸಿನ ಮೇಲಿನ ಅರ್ಧವನ್ನು ರಟ್ಟಿನಿಂದ ಮುಚ್ಚಿದರೆ ಗೋಡೆಯ ಮೇಲೆ ಏನಾಗುತ್ತದೆ? ಉತ್ತರವನ್ನು ಮೊದಲು ಪುಸ್ತಕದಲ್ಲಿ ಬರೆಸಿ, ಆಮೇಲೆ ಮುಚ್ಚಿ. ಬೆಟ್ಟದ ಅರ್ಧ ಮಾಯವಾಗುತ್ತದೆ ಎಂದು ಬಹುಮಂದಿ ಬರೆಯುತ್ತಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ಗೋಲ್ಡ್‌ಬರ್ಗ್, ಲಿಲಿಯನ್ ಮೆಕ್‌ಡರ್ಮಟ್ ಎಂಬಿಬ್ಬರು ಕಾಲೇಜಿನಲ್ಲಿ ಭೌತಶಾಸ್ತ್ರ ಓದುವವರಿಗೇ ಈ ಪ್ರಶ್ನೆ ಹಾಕಿ, 1987ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಪಾಠ ಕೇಳಿ ಮುಗಿಸಿದವರಲ್ಲೂ ಹಲವರು ಅರ್ಧ ಹೋಗುತ್ತದೆ ಎಂದೇ ಹೇಳಿದ್ದರು. ಮಕ್ಕಳು ತಪ್ಪು ಬರೆದರೆ ಅದಕ್ಕೆ ನಮ್ಮ ಊರೂ ಕಾರಣವಲ್ಲ, ಭಾಷೆಯೂ ಕಾರಣವಲ್ಲ. ಕಿರಣಚಿತ್ರವೇ ಆ ತಪ್ಪನ್ನು ಕಲಿಸುತ್ತದೆ. ಚಿತ್ರದಲ್ಲಿ ಎರಡೇ ಗೆರೆ ಇರುವುದರಿಂದ ಒಂದನ್ನು ತಡೆದರೆ ಅರ್ಧ ಹೋಯಿತು ಅನ್ನಿಸುತ್ತದೆ.

ನಿಜವಾಗಿ ಮುಚ್ಚಿದಾಗ ಬೆಟ್ಟ ಪೂರ್ತಿಯಾಗಿಯೇ ಇರುತ್ತದೆ, ಮಂಕಾಗುತ್ತದೆ ಅಷ್ಟೆ. ಜಾತ್ರೆಯ ದಿನ ಗುಡಿಯ ಬಾಗಿಲಲ್ಲಿ ಒಂದು ಕದ ಹಾಕಿದರೆ ಯಾವ ಊರಿನ ಭಕ್ತರೂ ತಪ್ಪಿಹೋಗುವುದಿಲ್ಲ, ಎಲ್ಲ ಊರಿನವರೂ ಬರುತ್ತಾರೆ, ಒಳಗೆ ಸೇರುವ ಜನ ಕಡಿಮೆಯಾಗುತ್ತಾರೆ. ಬೆಟ್ಟದ ಪ್ರತಿಯೊಂದು ಕಲ್ಲಿನಿಂದಲೂ ಬೆಳಕು ಹೊರಟು ಲೆನ್ಸಿನ ಎಲ್ಲ ಕಡೆಗೂ ಬೀಳುತ್ತದೆ. ಒಂದು ಕಲ್ಲಿನಿಂದ ಬಂದದ್ದೆಲ್ಲವನ್ನೂ ಲೆನ್ಸು ಮತ್ತೆ ಒಂದೇ ಬಿಂದುವಿಗೆ ಸೇರಿಸುತ್ತದೆ. ಇದು ಮನಸ್ಸಿಗೆ ಇಳಿದ ಮಗುವಿಗೆ, ದೊಡ್ಡ ದೂರದರ್ಶಕ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ. ಕತ್ತಲಲ್ಲಿ ಅರಳಿದ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್. 50 ಮಿಲಿಮೀಟರಿನ ಮಸೂರ ಅದರ ಐವತ್ತು ಪಟ್ಟು ಬೆಳಕನ್ನು ಹಿಡಿಯುತ್ತದೆ.

ಇನ್ನೊಂದು ಪ್ರಯೋಗ ರಾತ್ರಿಯದು. ಅದೇ ಲೆನ್ಸಿಗೆ ಚಂದ್ರನನ್ನು ತೋರಿಸಿ, ಒಂದು ಮೀಟರು ಹಿಂದೆ ಟ್ರೇಸಿಂಗ್ ಕಾಗದ ಹಿಡಿಯಿರಿ. ಕಾಗದದ ಮೇಲೆ ಚಂದ್ರ ಬೀಳುತ್ತಾನೆ, 9 ಮಿಲಿಮೀಟರ್ ಅಗಲ, ಷರಟಿನ ಗುಂಡಿಗಿಂತ ಚಿಕ್ಕದು. ಕಾಗದದ ಹಿಂದೆ ನಿಂತ ಮಗು ಭೂತಗನ್ನಡಿಯಿಂದ ಆ ಪುಟ್ಟ ಚಂದ್ರನನ್ನು ನೋಡಲಿ. ಕಾಗದದ ನಾರೂ ಚಂದ್ರನ ಕಪ್ಪು ಕಲೆಗಳೂ ಒಟ್ಟಿಗೆ ಕಾಣುತ್ತವೆ. ಈಗ, ಭೂತಗನ್ನಡಿಯನ್ನು ಅಲುಗಿಸದೆ, ಮತ್ತೊಬ್ಬರು ಕಾಗದವನ್ನು ಮೆಲ್ಲಗೆ ಎಳೆದುಬಿಡಲಿ. ಚಂದ್ರ ಹೋಗುವುದಿಲ್ಲ. ಕಾಗದದ ಮಬ್ಬು ಕಳೆದು, ಮೊದಲಿಗಿಂತ ಎಷ್ಟೋ ಪಾಲು ಹೊಳೆಯುತ್ತ, ಗಾಳಿಯಲ್ಲೇ ನಿಂತಿರುತ್ತಾನೆ. ಆ ಕ್ಷಣ ಮಗುವಿನ ಕೈಯಲ್ಲಿರುವುದೇ ದೂರದರ್ಶಕ. ಮುಂದಿನ ಮಸೂರ ಒಂದು ಬಿಂಬವನ್ನು ಮಾಡುತ್ತದೆ, ಹಿಂದಿನ ಮಸೂರ ಆ ಬಿಂಬವನ್ನು ಹತ್ತಿರದಿಂದ ನೋಡಲು ಬಿಡುತ್ತದೆ. ಕೊಳವೆ ಇರುವುದು ಎರಡನ್ನೂ ನೇರಕ್ಕೆ ಹಿಡಿಯಲು, ಅಕ್ಕಪಕ್ಕದ ಬೆಳಕನ್ನು ತಡೆಯಲು. ಕೊಳವೆಯೇ ದೂರದರ್ಶಕ ಎಂದುಕೊಂಡಿದ್ದ ಮಕ್ಕಳಿಗೆ ಈ ಕಾಗದ ಎಳೆಯುವ ಕೆಲಸದಷ್ಟು ಒಳ್ಳೆಯ ಪಾಠ ನನಗೆ ಬೇರೆ ಗೊತ್ತಿಲ್ಲ.

ಸೂರ್ಯನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಯಾವ ಮಸೂರದ ಮೂಲಕವೂ, ಯಾವ ಕೊಳವೆಯ ಮೂಲಕವೂ ಸೂರ್ಯನನ್ನು ನೋಡಬಾರದು. ಒಂದು ಕ್ಷಣ ಸಾಕು, ಕಣ್ಣು ಹೋಗುತ್ತದೆ. ಕಣ್ಣಿನ ಪರದೆಗೆ ನೋವಿನ ಅರಿವಿಲ್ಲದ್ದರಿಂದ ಹೋದದ್ದು ಆಗ ಗೊತ್ತೂ ಆಗುವುದಿಲ್ಲ. ಸೂರ್ಯನನ್ನು ಬಿಳಿ ಕಾಗದದ ಮೇಲೆ ಬೀಳಿಸಿ ನೋಡಬಹುದು, ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಬಹುದು. ಆಗಲೂ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಕಟ್ಟಿದ ಕೊಳವೆಯನ್ನು ಮಕ್ಕಳು ಮನೆಗೆ ಒಯ್ಯುವ ದಿನ ಇದನ್ನು ಮತ್ತೆ ಹೇಳಬೇಕು, ಮನೆಯವರಿಗೂ ಹೇಳಿ ಕಳಿಸಬೇಕು.

ಇನ್ನು ಕಟ್ಟುವುದು. ಬೋರ್‌ವೆಲ್ಲಿನಿಂದ ಹೊಲಕ್ಕೆ ನೀರು ಹಾಯಿಸುವ 75 ಮಿಲಿಮೀಟರಿನ ಪಿವಿಸಿ ಪೈಪು ನಮ್ಮ ಕಡೆ ಎಲ್ಲ ಊರಲ್ಲೂ ಸಿಗುತ್ತದೆ. ಒಂದು ಮೀಟರಿಗೆ ತುಸು ಕಡಿಮೆ ಉದ್ದ ಸಾಕು. ಅದೇ ಪೈಪಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿ, ಒಂದು ಕಡೆ ಸೀಳಿದರೆ ಅದು ಅಮುಕಿಕೊಂಡು ಒಳಗೆ ಹೋಗಿ ಲೆನ್ಸನ್ನು ಹಿಡಿಯುತ್ತದೆ. ಕನ್ನಡಕದ ಲೆನ್ಸು ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು; ಉಬ್ಬಿದ ಮುಖ ಹೊರಗಿರಲಿ. ಕಣ್ಣಿನ ಕಡೆಗೆ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐದು ಪಟ್ಟಿನ ಭೂತಗನ್ನಡಿ. ಅದರ ಸಂಗಮದೂರ 5 ಸೆಂಟಿಮೀಟರ್. ನೂರನ್ನು ಐದರಿಂದ ಭಾಗಿಸಿದರೆ ಇಪ್ಪತ್ತು: ದೂರದರ್ಶಕ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಭೂತಗನ್ನಡಿಯನ್ನು ರಟ್ಟಿನ ಕಿರುಕೊಳವೆಗೆ ಅಂಟಿಸಿ, ಅದು ಪೈಪಿನೊಳಗೆ ಬಿಗಿಯಾಗಿ ಜಾರುವಂತೆ ಕಾಗದ ಸುತ್ತಿದರೆ ಮುಗಿಯಿತು. ಎಲ್ಲ ಸೇರಿ ಕೆಲವು ನೂರು ರೂಪಾಯಿಯ ಬಾಬತ್ತು.

ಇಪ್ಪತ್ತು ಎಂಬ ಸಂಖ್ಯೆಯನ್ನು ಸೂತ್ರದಿಂದ ಒಪ್ಪಿಸಿ ಬಿಡಬೇಡಿ, ಅಳೆಸಿ. ಹಗಲು ದೂರದರ್ಶಕವನ್ನು ಬಿಳಿಯ ಗೋಡೆಯ ಕಡೆಗೋ ಮೋಡದ ಕಡೆಗೋ ತಿರುಗಿಸಿ, ಕಣ್ಣ ಮಸೂರದಿಂದ ಒಂದು ಗೇಣು ಹಿಂದೆ ನಿಂತು ನೋಡಿದರೆ ಅದರ ಹೊರಗೆ ಗಾಳಿಯಲ್ಲಿ ತೇಲುವ ಒಂದು ದುಂಡನೆಯ ಬೆಳಕಿನ ಬೊಟ್ಟು ಕಾಣುತ್ತದೆ. ಟ್ರೇಸಿಂಗ್ ಕಾಗದದ ತುಂಡಿನ ಮೇಲೆ ಅದನ್ನು ಹಿಡಿದು ಅಳೆಯಿರಿ. ಮುಂದಿನ ಬಾಯಿ 60 ಮಿಲಿಮೀಟರ್ ಇದ್ದರೆ ಬೊಟ್ಟು 3 ಮಿಲಿಮೀಟರ್ ಬರುತ್ತದೆ. ಅರವತ್ತು ಭಾಗಿಸು ಮೂರು, ಇಪ್ಪತ್ತು. ಆ ಬೊಟ್ಟು ಏನು ಎಂದು ಕೇಳಿ. ಉತ್ತರ ಹೇಳಬೇಡಿ, ಒಬ್ಬ ಹುಡುಗನನ್ನು ಮುಂದಿನ ಬಾಯಿಗೆ ಅಡ್ಡಲಾಗಿ ಪೆನ್ಸಿಲು ಹಿಡಿಯಲು ಕಳಿಸಿ. ಬೊಟ್ಟಿನೊಳಗೆ ಕೂದಲೆಳೆಯಂಥ ಪುಟ್ಟ ಪೆನ್ಸಿಲು ಮೂಡುತ್ತದೆ. ಮುಂದಿನ ಮಸೂರದ ಬಿಂಬವೇ ಆ ಬೊಟ್ಟು. ದೂರದರ್ಶಕದೊಳಗೆ ಬಂದ ಬೆಳಕೆಲ್ಲ ಹೊರಗೆ ಹೋಗುವುದು ಆ ಮೂರು ಮಿಲಿಮೀಟರಿನ ಮೂಲಕ. ಕಣ್ಣಿನ ಪಾಪೆ ಅಲ್ಲಿರಬೇಕು. ಮಕ್ಕಳು ಕಣ್ಣನ್ನು ಮಸೂರಕ್ಕೇ ಒತ್ತಿ ಏನೂ ಕಾಣುತ್ತಿಲ್ಲ ಮೇಷ್ಟ್ರೆ ಅನ್ನುವುದು ಇದರಿಂದ. ಬೊಟ್ಟು ಎಲ್ಲಿದೆ ನೋಡು, ಅಲ್ಲಿಗೆ ಕಣ್ಣು ತಾ ಎಂದರೆ ಆಮೇಲೆ ಯಾವ ದೂರದರ್ಶಕದ ಮುಂದೆ ನಿಲ್ಲಿಸಿದರೂ ಆ ಮಗು ತಡವರಿಸುವುದಿಲ್ಲ.

ಮೊದಲ ರಾತ್ರಿ ಮಕ್ಕಳಿಂದ ದೂರು ಬಂದೇ ಬರುತ್ತದೆ: ಚಂದ್ರನ ಅಂಚಿಗೆ ನೇರಳೆ, ಹಳದಿ ಬಣ್ಣ ಬರುತ್ತಿದೆ, ಮಸುಕು ಮಸುಕಾಗಿದೆ. ದಯವಿಟ್ಟು ಇದನ್ನು ಅಗ್ಗದ ಲೆನ್ಸಿನ ದೋಷ ಎಂದು ತಳ್ಳಿಹಾಕಬೇಡಿ. ದೂರದರ್ಶಕದ ಇತಿಹಾಸದ ಮೊದಲ ಸುಮಾರು ನೂರೈವತ್ತು ವರ್ಷ ಈ ಕಾಟದೊಡನೆಯೇ ಕಳೆಯಿತು. ಮುಂದಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ ಸ್ಪಷ್ಟವಾಗುವವರೆಗೆ ಕಿರುಕೊಳವೆಯನ್ನು ಸರಿಸಿ, ಪೆನ್ಸಿಲಿನಿಂದ ಗುರುತು ಹಾಕಿ. ಕೆಂಪು ತೆಗೆದು ನೀಲಿ ಕಟ್ಟಿ, ಮತ್ತೆ ಸರಿಸಿ ಗುರುತು ಹಾಕಿ. ಎರಡು ಗುರುತಿನ ನಡುವೆ ಸುಮಾರು ಒಂದೂವರೆ ಸೆಂಟಿಮೀಟರ್ ಅಂತರ ಬರುತ್ತದೆ. ಒಂದೇ ಲೆನ್ಸಿಗೆ ಕೆಂಪಿಗೊಂದು ಸಂಗಮ, ನೀಲಿಗೊಂದು ಸಂಗಮ! ನೀಲಿ ಬೆಳಕು ಹೆಚ್ಚು ಬಾಗುತ್ತದೆ ಎಂದು ಪಟ್ಟಕದ ಪಾಠದಲ್ಲಿ ಓದಿದ್ದು ಇಲ್ಲಿ ಸ್ಕೇಲಿನಲ್ಲಿ ಅಳೆಯುವ ವಸ್ತುವಾಯಿತು.

ಮದ್ದೇನು? ರಟ್ಟಿನಲ್ಲಿ 30 ಮಿಲಿಮೀಟರಿನ ತೂತು ಕೊರೆದು ಮುಂದಿನ ಬಾಯಿಗೆ ಮುಚ್ಚಿ. ಬೆಳಕು ಕಡಿಮೆಯಾಗುತ್ತದೆ, ಚಂದ್ರನ ಕುಳಿಗಳು ಚುರುಕಾಗುತ್ತವೆ. ಗೆಲಿಲಿಯೋ ಕೂಡ ತನ್ನ ಮಸೂರದ ಅಂಚನ್ನು ರಟ್ಟಿನಿಂದ ಮುಚ್ಚಿಕೊಂಡೇ ನೋಡುತ್ತಿದ್ದ. ಆಮೇಲಿನವರು ಬಣ್ಣ ತಗ್ಗಿಸಲು ಸಂಗಮದೂರವನ್ನು ಹಿಗ್ಗಿಸುತ್ತ ಹೋದರು. ಪೋಲೆಂಡಿನ ಡಾನ್ಸಿಗ್ ನಗರದಲ್ಲಿ ಹೆವೇಲಿಯಸ್ ಎಂಬಾತ 45 ಮೀಟರ್ ಉದ್ದದ ದೂರದರ್ಶಕವನ್ನು ಕಂಬಕ್ಕೆ ಹಗ್ಗ ಕಟ್ಟಿ ನಿಲ್ಲಿಸಿದ್ದ. ನ್ಯೂಟನ್ 1668ರಲ್ಲಿ ಮಸೂರವನ್ನೇ ಬಿಟ್ಟು ನಿಮ್ನ ದರ್ಪಣಕ್ಕೆ ತಿರುಗಿದ್ದೂ ಈ ಬಣ್ಣದ ಕಾಟದಿಂದ. ದರ್ಪಣದಲ್ಲಿ ಬೆಳಕು ಗಾಜಿನೊಳಗೆ ಹೋಗುವುದೇ ಇಲ್ಲ, ಬಣ್ಣಗಳು ಬೇರೆಯಾಗುವುದಿಲ್ಲ. ಕೆಂಪು ನೀಲಿ ಗುರುತು ತಾನೇ ಹಾಕಿದ ಹುಡುಗಿಗೆ ನ್ಯೂಟನ್ನನ ನಿರ್ಧಾರವನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ದರ್ಪಣ ಉಜ್ಜುವ ಕೆಲಸದ ಬಗ್ಗೆ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇನೆ. ಅದು ಬಹಳ ಚೆಂದದ ಕೆಲಸ. 15 ಸೆಂಟಿಮೀಟರಿನ ಎರಡು ಗಾಜಿನ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಕಾರ್ಬೊರಂಡಮ್ ಪುಡಿ, ನೀರು ಹಾಕಿ ಉಜ್ಜುತ್ತ ಹೋದರೆ ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. 120 ಸೆಂಟಿಮೀಟರ್ ಸಂಗಮದೂರ ಬೇಕಿದ್ದರೆ ನಡುವಿನ ತಗ್ಗು 1.2 ಮಿಲಿಮೀಟರ್ ಮಾತ್ರ. ಪುಡಿಯನ್ನು ನುಣುಪು ಮಾಡುತ್ತ ಹೋಗಿ, ಕೊನೆಗೆ ಅರಗಿನಂಥ ಪಿಚ್ಚಿನ ಮೇಲೆ ಸೀರಿಯಂ ಆಕ್ಸೈಡಿನಿಂದ ಹೊಳಪು ಕೊಡಬೇಕು. ಮೇಲ್ಮೈಯ ಏರುತಗ್ಗು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಇರಬೇಕು. ಅದನ್ನು ಒಂದು ದೀಪ, ಒಂದು ಬ್ಲೇಡು ಇಟ್ಟುಕೊಂಡು ಬರಿಗಣ್ಣಿನಿಂದ ಪರೀಕ್ಷಿಸುವ ಉಪಾಯವನ್ನು ಫ್ರಾನ್ಸಿನ ಫುಕೋ 1850ರ ದಶಕದ ಕೊನೆಯಲ್ಲಿ ಕಂಡುಕೊಟ್ಟ. ಪುಣೆಯ ಐಯುಕಾ ಸಂಸ್ಥೆ ಇಂಥ ಶಿಬಿರಗಳನ್ನು ನಡೆಸಿದೆ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸುತ್ತ ಬೆಳೆದ ಹವ್ಯಾಸಿಗಳಲ್ಲೂ ಈ ಕೆಲಸ ಬಲ್ಲವರಿದ್ದಾರೆ. ಆದರೆ ಇದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು, ಕೊನೆಗೆ ಅಲ್ಯೂಮಿನಿಯಂ ಲೇಪಕ್ಕೆ ಹೊರಗೆ ಕಳಿಸಬೇಕು. ಒಂದು ಶಾಲೆಯ ನಲವತ್ತು ಮಕ್ಕಳಲ್ಲಿ ಮೂವರ ಕೈಗೆ ಮಾತ್ರ ಅದು ಸಿಗುತ್ತದೆ. ತಾಲ್ಲೂಕಿಗೊಂದು ಕಡೆ ದರ್ಪಣದ ಕೆಲಸ ನಡೆಯಲಿ. ಪ್ರತಿ ತರಗತಿಯಲ್ಲೂ ಕನ್ನಡಕದ ಲೆನ್ಸಿನ ಕೆಲಸ ನಡೆಯಲಿ. ಇರುವ ಹಣ, ಹೊತ್ತು ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ನನ್ನ ಮತ ಲೆನ್ಸಿಗೆ.

ಗಾಜು ಉಜ್ಜಿದವರಲ್ಲಿ ಇಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಜಾನ್ ಡಾಬ್ಸನ್ (1915–2014) ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠವನ್ನು 1944ರಲ್ಲಿ ಸೇರಿದವರು. ಕೈಗೆ ಸಿಕ್ಕ ಗಾಜು, ರಟ್ಟಿನ ಕೊಳವೆ, ಮರದ ಪೆಟ್ಟಿಗೆಯಿಂದ ದೊಡ್ಡ ದೊಡ್ಡ ದೂರದರ್ಶಕ ಮಾಡಿ ರಾತ್ರಿ ಬೀದಿಯಲ್ಲಿ ಹೋಗುವವರಿಗೆಲ್ಲ ತೋರಿಸುತ್ತಿದ್ದರು. ಆ ಓಡಾಟದಿಂದಾಗಿಯೇ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಗೆಳೆಯರೊಡನೆ ಬೀದಿಬದಿಯ ಖಗೋಳಕೂಟವನ್ನೇ ಕಟ್ಟಿದರು. ಮರದ ಪೆಟ್ಟಿಗೆಯಲ್ಲಿ ಮೇಲೆ ಕೆಳಗೆ, ಸುತ್ತಲೂ ತಿರುಗುವ ಅವರ ಪೀಠ ಇವತ್ತು ಜಗತ್ತಿನ ಹವ್ಯಾಸಿಗಳ ಪೀಠವಾಗಿದೆ. ನಮ್ಮ ಪಿವಿಸಿ ಕೊಳವೆಗೂ ಅದೇ ಸಾಕು, ಊರಿನ ಬಡಗಿ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ.

ಇನ್ನೊಬ್ಬರು ಎ. ಪಿ. ಜಯರಾಜನ್. ಖಗೋಳವಿಜ್ಞಾನಿ ವೇಣು ಬಾಪು ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಆರಂಭಿಸಿದಾಗ 1968ರಲ್ಲಿ ಅಲ್ಲಿ ಮೊದಲು ನಿಂತದ್ದು 38 ಸೆಂಟಿಮೀಟರಿನ, ಕೊಡೈಕನಾಲಿನಲ್ಲಿ ನಮ್ಮವರೇ ಮಾಡಿಕೊಂಡ ದೂರದರ್ಶಕ. ಆಮೇಲೆ 2.34 ಮೀಟರಿನ ದೊಡ್ಡ ದರ್ಪಣವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರದಲ್ಲೇ ಜಯರಾಜನ್ ಮತ್ತು ಸಂಗಡಿಗರು ಉಜ್ಜಿ ಹದಕ್ಕೆ ತಂದರು. ಬಾಪು 1982ರಲ್ಲಿ ತೀರಿಕೊಂಡಿದ್ದರು. 1986ರ ಜನವರಿಯಲ್ಲಿ ಆ ದೂರದರ್ಶಕಕ್ಕೆ ಅವರ ಹೆಸರಿಟ್ಟರು. ದೊಡ್ಡದನ್ನು ಕಟ್ಟಿದವರು ಚಿಕ್ಕದನ್ನು ಕಟ್ಟಿಯೇ ಬಂದವರು ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಇರುವ ನಿದರ್ಶನ ಇದು.

ಆಕಾಶಕ್ಕೆ ಬರೋಣ. ಅನಂತಪುರ ಸೀಮೆಗೆ ಮಳೆ ಕಡಿಮೆ. ಅದರ ಕಷ್ಟ ಕಡಲೆಕಾಯಿ ಬಿತ್ತುವ ಎಲ್ಲ ಮನೆಗೂ ಗೊತ್ತು. ಮೋಡವಿಲ್ಲದ ರಾತ್ರಿಗಳು ಮಾತ್ರ ನಮಗೆ ಬೇಕಾದಷ್ಟಿವೆ. ನಮ್ಮ ಅಕ್ಷಾಂಶ 14 ಡಿಗ್ರಿ. ಧ್ರುವನಕ್ಷತ್ರ ಉತ್ತರದಲ್ಲಿ ನೆಲದಿಂದ 14 ಡಿಗ್ರಿ ಮೇಲಷ್ಟೆ ಇರುತ್ತದೆ. ದಕ್ಷಿಣದ ಅಗಸ್ತ್ಯ ನಕ್ಷತ್ರ ಚಳಿಗಾಲದಲ್ಲಿ 23 ಡಿಗ್ರಿಯವರೆಗೆ ಏರುತ್ತದೆ, ಯುರೋಪಿನ ಬಹುಭಾಗದವರಿಗೆ ಅದು ಕಾಣುವುದೇ ಇಲ್ಲ. ಕೊಳವೆ ಹಿಡಿಯುವ ಮೊದಲು ಬರಿಗಣ್ಣಿನಿಂದ ಇವನ್ನೆಲ್ಲ ಗುರುತಿಸಲು ಕಲಿಯಬೇಕು. ಮೈಸೂರಿನ ಜಿ. ಟಿ. ನಾರಾಯಣರಾಯರು ಜೀವನವಿಡೀ ಹುಡುಗರನ್ನು ಬಯಲಿನಲ್ಲಿ ನಿಲ್ಲಿಸಿಕೊಂಡು ಮಾಡಿದ ಕೆಲಸ ಅದೇ. ಅವರ ‘ನಕ್ಷತ್ರ ವೀಕ್ಷಣೆ’ ಶಾಲೆಯ ಗ್ರಂಥಾಲಯದಲ್ಲಿರಬೇಕಾದ ಪುಸ್ತಕ.

ಇಪ್ಪತ್ತು ಪಟ್ಟಿನ ನಮ್ಮ ಕೊಳವೆ ಏನು ತೋರಿಸುತ್ತದೆ? ಮಕ್ಕಳಿಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಮೊಬೈಲಿನಲ್ಲಿ ಬರುವ ಬಣ್ಣದ ಶನಿ ಇದರಲ್ಲಿ ಸಿಗುವುದಿಲ್ಲ. ಶನಿ ಉದ್ದುದ್ದನೆಯ ಕಾಳಿನಂತೆ ಕಾಣುತ್ತದೆ. ಗೆಲಿಲಿಯೋಗೂ ಹಾಗೇ ಕಂಡು, ಅದೇನೆಂದು ತಿಳಿಯದೇ ಹೋಯಿತು. ಅದು ಉಂಗುರ ಎಂದು ಡಚ್ ವಿಜ್ಞಾನಿ ಹೈಗೆನ್ಸ್ ವಿವರಿಸಿ ಪ್ರಕಟಿಸಿದ್ದು 1659ರಲ್ಲಿ. ಗುರುಗ್ರಹದ ಬಿಲ್ಲೆ, ಬರಿಗಣ್ಣಿಗೆ ಕಾಣುವ ಚಂದ್ರನ ಸುಮಾರು ಅರ್ಧದಷ್ಟು ಮಾತ್ರ ಇರುತ್ತದೆ. ಆದರೆ ಅದರ ಆಚೀಚೆ ಒಂದೇ ಸಾಲಿನಲ್ಲಿ ಚುಕ್ಕಿಗಳಿರುತ್ತವೆ. 1610ರ ಜನವರಿ 7ರಂದು ಗೆಲಿಲಿಯೋ ಇಪ್ಪತ್ತು ಪಟ್ಟಿನ ಕೊಳವೆಯಲ್ಲೇ ಮೂರು ಚುಕ್ಕಿ ಕಂಡ, ನಾಲ್ಕನೆಯದನ್ನು ಕಂಡದ್ದು 13ರಂದು. ಮಕ್ಕಳು ದಿನವೂ ಅದೇ ಹೊತ್ತಿಗೆ ನೋಡಿ, ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ, ಅದರ ಪಕ್ಕದಲ್ಲಿ ಚುಕ್ಕಿ ಹಾಕುತ್ತ ಹೋಗಲಿ. ಒಂದು ವಾರಕ್ಕೆ ಚುಕ್ಕಿಗಳು ಗುರುವನ್ನು ಸುತ್ತುತ್ತಿವೆ ಎಂದು ಅವರೇ ಹೇಳುತ್ತಾರೆ. ಭೂಮಿಯನ್ನು ಬಿಟ್ಟು ಇನ್ನೊಂದನ್ನು ಸುತ್ತುವ ವಸ್ತುಗಳಿವೆ ಎಂದು ಮನುಷ್ಯಕುಲಕ್ಕೆ ಮೊದಲು ಕಣ್ಣಾರೆ ಕಂಡು ತಿಳಿದದ್ದೂ ಇದೇ ದಾರಿಯಲ್ಲಿ, ಇಷ್ಟೇ ಸಲಕರಣೆಯಿಂದ.

ಇದನ್ನೆಲ್ಲ ಕನ್ನಡದಲ್ಲಿ ಹೇಳಲು ಬರುತ್ತದೆಯೆ ಎಂಬ ಅನುಮಾನ ಯಾರಿಗಾದರೂ ಇದ್ದರೆ ಒಂದು ಸಂಗತಿ. ಮದರಾಸು ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು 1874ರ ಶುಕ್ರ ಸಂಕ್ರಮವನ್ನು ಜನರಿಗೆ ವಿವರಿಸಲು ಬರೆದ ಕಿರುಹೊತ್ತಗೆ ಆಗಲೇ ಕನ್ನಡದಲ್ಲೂ ಅಚ್ಚಾಗಿತ್ತು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಆಡುತ್ತಾರೆ. ಬೆಟ್ಟ ಗೋಡೆಯ ಮೇಲೆ ಬಂದಾಗ ಯಾವ ಮಾತಿನಲ್ಲಿ ಕೂಗುತ್ತಾರೋ ಆ ಮಾತಿನಲ್ಲೇ ಮೊದಲು ಬರೆಯಲಿ.

ಕೊನೆಯದಾಗಿ ನಮ್ಮ ನೆರೆಯ ಒಂದು ದೂರದರ್ಶಕದ ವಿಷಯ. ಪೆನುಕೊಂಡದಿಂದ ಬೆಂಗಳೂರಿನ ರೈಲು ಹತ್ತಿದರೆ ಹಿಂದೂಪುರ ದಾಟಿದ ಮೇಲೆ ಗೌರಿಬಿದನೂರು ಬರುತ್ತದೆ. ಅಲ್ಲಿ 1976ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಒಂದು ರೇಡಿಯೋ ದೂರದರ್ಶಕ ನಿಲ್ಲಿಸಿದವು. ಮಸೂರವಿಲ್ಲ, ದರ್ಪಣವಿಲ್ಲ, ಕೊಳವೆಯಿಲ್ಲ. ಹೊಲಗಳ ನಡುವೆ ಇಂಗ್ಲಿಷಿನ ಟಿ ಅಕ್ಷರದಂತೆ ಸಾಲಾಗಿ ನೆಟ್ಟ ಕಂಬ, ತಂತಿಗಳ ಒಂದು ಸಾವಿರ ಆಂಟೆನಾ; ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್. ಅದು ಹಿಡಿಯುವ ಅಲೆಯ ಉದ್ದ 8.7 ಮೀಟರ್. ಮೊದಲ ಸಲ ನೋಡಿದವರು ಇದು ದೂರದರ್ಶಕ ಹೇಗಾಯಿತು ಎಂದೇ ಕೇಳುತ್ತಾರೆ.

ಉತ್ತರ ಮಕ್ಕಳ ಕೈಯಲ್ಲಿರುವ ಚಾಳೀಸಿನ ಲೆನ್ಸಿನಲ್ಲಿದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜು ಇರುತ್ತದೆಯಲ್ಲ, ಅದರಿಂದ ಲೆನ್ಸಿನ ದಪ್ಪವನ್ನು ನಡುವಿನಲ್ಲೂ ಅಂಚಿನಲ್ಲೂ ಅಳೆಯಿರಿ. ನಡುವೆ ಸುಮಾರು 1 ಮಿಲಿಮೀಟರ್ ಹೆಚ್ಚು ಬರುತ್ತದೆ. ಏಕೆ ಅಷ್ಟೇ? ನಕ್ಷತ್ರದ ಬೆಳಕು ಲೆನ್ಸಿನ ಅಂಚಿನಿಂದ ಸಂಗಮಕ್ಕೆ ಓರೆಯಾಗಿ ಹೋಗಬೇಕು, ನಡುವಿನಿಂದ ನೇರವಾಗಿ. ಓರೆ ದಾರಿ ಅರ್ಧ ಮಿಲಿಮೀಟರ್ ಹೆಚ್ಚು ಉದ್ದ. ಬೇಕಾದರೆ ಪೈಥಾಗೊರಸ್ ಪ್ರಮೇಯದಿಂದ ಲೆಕ್ಕ ಹಾಕಿಸಿ. ಲೆನ್ಸಿನೊಳಗೆ ಬೆಳಕಿನ ವೇಗ ಗಾಳಿಯಲ್ಲಿರುವುದರ ಮೂರರಲ್ಲಿ ಎರಡು ಪಾಲು. ಹಾಗಾಗಿ ನಡುವಿನ ಆ 1 ಮಿಲಿಮೀಟರ್ ಹೆಚ್ಚುವರಿ ದಪ್ಪ ಬೆಳಕನ್ನು ಸರಿಯಾಗಿ ಅರ್ಧ ಮಿಲಿಮೀಟರಿನಷ್ಟು ತಡೆಯುತ್ತದೆ. ಅಂಚಿನಿಂದ ಹೊರಟದ್ದು, ನಡುವಿನಿಂದ ಹೊರಟದ್ದು ಎಲ್ಲ ಒಂದೇ ಹೊತ್ತಿಗೆ ಸಂಗಮ ಮುಟ್ಟುತ್ತವೆ, ಅಲೆಯ ಮೇಲೆ ಅಲೆ ಕೂಡುತ್ತದೆ. ಮಸೂರ ಮಾಡುವುದೆಲ್ಲ ಇಷ್ಟೆ. ಗೌರಿಬಿದನೂರಿನಲ್ಲಿ ಇದೇ ಕೆಲಸವನ್ನು ಕೇಬಲ್ಲುಗಳು ಮಾಡುತ್ತವೆ: ಸಾವಿರ ಆಂಟೆನಾಗಳಿಂದ ಬಂದ ಸಂಕೇತಗಳು ಹೆಜ್ಜೆ ತಪ್ಪದೆ ಒಂದೆಡೆ ಕೂಡುವಂತೆ ಹೊಂದಿಸಿರುತ್ತಾರೆ. ಆ ಹೊಂದಿಕೆಯನ್ನು ತುಸು ಬದಲಿಸಿದರೆ, ಒಂದು ಕಂಬವನ್ನೂ ಅಲುಗಿಸದೆ, ದೂರದರ್ಶಕದ ದೃಷ್ಟಿ ಆಕಾಶದಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ತಿರುಗುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯೇ ತಿರುಗಿಸುತ್ತದೆ.

ಒಂದು ಹೋಲಿಕೆ ಮಕ್ಕಳಿಗೆ ತುಂಬ ಅಚ್ಚರಿ ತರುತ್ತದೆ. ಎಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಬಹುದು ಎಂಬುದು ಅಲೆಯ ಉದ್ದಕ್ಕೂ ದೂರದರ್ಶಕದ ಅಗಲಕ್ಕೂ ಇರುವ ಅನುಪಾತ. ಅಷ್ಟು ದೊಡ್ಡ ಗೌರಿಬಿದನೂರಿನ ಟಿ ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಭಾಗ, ಪೂರ್ವ ಪಶ್ಚಿಮವಾಗಿ, ಹೆಚ್ಚುಕಡಿಮೆ ಚಂದ್ರನ ಅಗಲದಷ್ಟಿದೆ. 30 ಮಿಲಿಮೀಟರ್ ತೂತಿನ ನಮ್ಮ ಕೊಳವೆ ಅದಕ್ಕಿಂತ ಮುನ್ನೂರು ಪಟ್ಟಿಗೂ ಹೆಚ್ಚು ಸೂಕ್ಷ್ಮ. ಹಾಗಾದರೆ ಅಷ್ಟು ಕಂಬ ಯಾಕೆ ನೆಟ್ಟರು ಎಂದು ಕೇಳುವ ಮಗು ಸರಿಯಾದ ಪ್ರಶ್ನೆ ಕೇಳಿದೆ. ಸೂರ್ಯನ ಹೊರವಲಯದ ಸ್ಫೋಟಗಳು, ಸತ್ತ ನಕ್ಷತ್ರಗಳ ಅವಶೇಷಗಳು, ನಮ್ಮ ಆಕಾಶಗಂಗೆಯೊಳಗೆ ಸುತ್ತುವ ಎಲೆಕ್ಟ್ರಾನುಗಳು ಆ ಉದ್ದನೆಯ ಅಲೆಗಳಲ್ಲಿ ಗಟ್ಟಿಯಾಗಿ ಸದ್ದು ಮಾಡುತ್ತವೆ; ಮಸೂರಕ್ಕೆ ಅವು ಬೀಳುವುದಿಲ್ಲ. ಹತ್ತನೆಯ ತರಗತಿಯವರನ್ನು ವರ್ಷಕ್ಕೊಮ್ಮೆ ಪ್ರವಾಸ ಕರೆದೊಯ್ಯುವ ಶಾಲೆಗಳು, ಮುಂಚೆಯೇ ಅನುಮತಿ ಕೇಳಿ, ಆ ಹೊಲದ ಅಂಚಿಗೂ ಹೋಗಿಬರಲಿ. ಲೆನ್ಸಿನ ದಪ್ಪ ಅಳೆದ ಮಕ್ಕಳಾದರೆ ಅಲ್ಲಿ ಕೇಬಲ್ಲಿನ ಉದ್ದದ ಬಗ್ಗೆಯೇ ಕೇಳುತ್ತಾರೆ.

ಕೆಲಸದ ಹಂಚಿಕೆ ಹೀಗಿರಲಿ. ಜೂನಿನಲ್ಲಿ ಶಾಲೆ ತೆರೆದ ಕೂಡಲೇ ಆರು ಲೆನ್ಸು, ಆರು ಭೂತಗನ್ನಡಿ ತರಿಸಿ. ನಲವತ್ತು ಮಕ್ಕಳಿಗೆ ಆರು ಗುಂಪು ಸಾಕು. ಮೋಡದ ತಿಂಗಳುಗಳಲ್ಲಿ ಗೋಡೆಯ ಬೆಟ್ಟ, ರಟ್ಟಿನ ಪ್ರಶ್ನೆ, ಬೆಳಕಿನ ಬೊಟ್ಟು, ಕೆಂಪು ನೀಲಿ ಗುರುತು, ಸ್ಕ್ರೂ ಗೇಜಿನ ಲೆಕ್ಕ ಮುಗಿಯಲಿ. ಪೈಪು ಕತ್ತರಿಸುವುದು ದಸರಾ ರಜೆಗೆ ಇರಲಿ. ಕಾರ್ತಿಕದಲ್ಲಿ ಆಕಾಶ ತೊಳೆದಂತಾದಾಗ ಆರು ಕೊಳವೆ ಸಿದ್ಧವಿರುತ್ತವೆ. ಮಾಘದವರೆಗೆ ಚಂದ್ರ, ಕೃತ್ತಿಕೆ, ಮಹಾವ್ಯಾಧನ ನೀಹಾರಿಕೆ ನೋಡಿಸಿ. ಗುರು ಯಾವ ತಿಂಗಳು ಸಂಜೆಗೆ ಬರುತ್ತಾನೆಂದು ಪಂಚಾಂಗದಲ್ಲಿ ನೋಡಿಕೊಂಡು ಆ ವಾರಗಳನ್ನು ಅವನಿಗೇ ಮೀಸಲಿಡಿ. ಬೀರುವಿನಲ್ಲಿರುವ ದೂರದರ್ಶಕವನ್ನು ಆಮೇಲೆ ತೆಗೆಯಿರಿ, ಅದನ್ನು ಬಿಚ್ಚಿ ಜೋಡಿಸುವ ಕೆಲಸ ಮಕ್ಕಳಿಗೇ ಬಿಡಿ. ಲೆನ್ಸು ಎಲ್ಲಿ ಸಿಗುತ್ತದೆ, ಎಷ್ಟು ಪವರು, ಪೈಪಿನ ಅಳತೆ ಏನು ಎಂಬ ಚೀಟಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಪಕ್ಕದಲ್ಲಿ ನಾಲ್ಕು ಲೆನ್ಸೂ ಇವೆ. ಸಂಜೆಯ ಬೆಳಕು ಇನ್ನೂ ಬೆಟ್ಟದ ಮೇಲಿದೆ, ಎದುರು ಗೋಡೆಯೂ ಖಾಲಿಯಿದೆ. ಬನ್ನಿ, ಹಿಡಿದು ನೋಡೋಣ.